ಧಣಿಯ ಉಪ್ಪು, ಜೊತೆಗಾರನ ಬೀಡಿ

ಬಾದಾಮಿ ಬಳಿಯ ಬನಶಂಕರಿ ಜಾತ್ರೆಗೆ ಬಂದವರು ದೇವಿಗೆ ಕೈಮುಗಿದು, ಹೊಂಡದ ದಂಡೆಯಲ್ಲಿ ರೊಟ್ಟಿ ಬದನೆಕಾಯಿ ಪಲ್ಯ ಉಂಡ ಮೇಲೆ ವಿಚಾರಿಸುವುದು ಒಂದೇ: ಈ ರಾತ್ರಿ ಯಾವ ಥೇಟರಿನಲ್ಲಿ ಯಾವ ನಾಟಕ? ಬನದ ಹುಣ್ಣಿಮೆಗೆ ತೇರು ಎಳೆದಾದ ಮೇಲೂ ವಾರಗಟ್ಟಲೆ ಆ ಬಯಲಿನಲ್ಲಿ ತಗಡಿನ ಥೇಟರುಗಳು ನಿಂತಿರುತ್ತವೆ. ಒಳಗೆ ಕೂತವರಲ್ಲಿ ಬಹುಪಾಲು ದುಡಿದು ಉಣ್ಣುವವರು: ಹೊಲದ ಆಳು, ಗುಳೇದಗುಡ್ಡ ಇಳಕಲ್ಲಿನ ನೇಕಾರ, ಊರು ಬಿಟ್ಟು ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗಿ ಜಾತ್ರೆಗೆಂದು ಮರಳಿದ ಹುಡುಗ. ಇವರನ್ನು ನಂಬಿ ಬದುಕಿದ ಕಂಪನಿ ನಾಟಕ, ಇವರ ನಡುವಿನ ಗೆಳೆತನದ ಬಗ್ಗೆ ಏನು ಹೇಳಿತು?

ಹೇಳಿದ್ದು ಕಡಿಮೆ. ನಿಷ್ಠೆಯ ಬಗ್ಗೆ ಮಾತ್ರ ಧಾರಾಳವಾಗಿ ಹೇಳಿತು. ಇದೇ ಸೀಮೆಯ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯನ್ನೇ ನೋಡಿ. ತೊಡೆ ಮುರಿದು ಬಿದ್ದ ದೊರೆಗಾಗಿ ಅಶ್ವತ್ಥಾಮ ಮಲಗಿದ್ದ ಮಕ್ಕಳ ಕತ್ತು ಕೊಯ್ಯುತ್ತಾನೆ. ನಿಷ್ಠೆ ಎಷ್ಟು ಕುರುಡಾಗಬಲ್ಲದು ಎಂಬುದನ್ನು ಹನುಮಂತರಾಯರು ಅಂಜದೆ ತೋರಿಸಿದರು. ಅವರನ್ನು ಕರ್ನಾಟಕದ ಶೇಕ್ಸ್‌ಪಿಯರ್ ಎಂದು ಕರೆದದ್ದು ಬರೀ ಅಭಿಮಾನದ ಮಾತಲ್ಲ. ಆದರೆ ಆ ನಿಷ್ಠೆ ಕೆಳಗಿನಿಂದ ಮೇಲಕ್ಕೆ ಹರಿಯುವಂಥದು. ಉಂಡ ಉಪ್ಪಿನದು.

ಪೌರಾಣಿಕ ಹೋಗಿ ಸಾಮಾಜಿಕ ನಾಟಕ ಬಂದಾಗ ಇದು ಬದಲಾಗಬೇಕಿತ್ತು. ಹುನಗುಂದ ತಾಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಬಡವನನ್ನು ಸಾಹುಕಾರನ ಎದುರು ಎದೆಸೆಟೆದು ನಿಲ್ಲಿಸಿತು. 1974ರಲ್ಲಿ ಅದು ರಾಜಕುಮಾರ್ ಸಿನಿಮಾ ಆದಾಗ ಇಡೀ ನಾಡು ಕಂಡಿತು. ಆ ಸಿನಿಮಾದ ನಾಯಕ ಭದ್ರನ ಸೊಕ್ಕು ನನಗೂ ಇಷ್ಟ. ಆದರೆ ಅವನು ಒಂಟಿ. ಅವನ ಜಗಳ ಸಾಹುಕಾರನೊಂದಿಗೆ, ಪ್ರೀತಿ ಸಾಹುಕಾರನ ಮಗಳೊಂದಿಗೆ. ಪಕ್ಕದಲ್ಲಿ ಅವನಂತೆಯೇ ದುಡಿಯುವ ಇನ್ನೊಬ್ಬನಿಗೆ ಕಥೆಯಲ್ಲಿ ದೊಡ್ಡ ಕೆಲಸವಿಲ್ಲ. ಆಳು ರಂಗಕ್ಕೆ ಬಂದರೆ ಒಂದೋ ಧಣಿಗಾಗಿ ಕಣ್ಣೀರಿಡಬೇಕು, ಇಲ್ಲವೇ ನಗಿಸಬೇಕು.

ಅಮೆರಿಕದ ಜಾನ್ ಸ್ಟೈನ್‌ಬೆಕ್ 1937ರಲ್ಲಿ ಬರೆದ ‘ಆಫ್ ಮೈಸ್ ಅಂಡ್ ಮೆನ್’ ಈ ಕೊರತೆಯನ್ನು ಎತ್ತಿ ತೋರಿಸುತ್ತದೆ. ಆ ಪುಟ್ಟ ಕಾದಂಬರಿಯನ್ನು ಆತ ನಾಟಕವಾಗಿಯೂ ಆಡಬಹುದಾದಂತೆ ಬರೆದ. ಅದೇ ವರ್ಷ ರಂಗಕ್ಕೂ ಬಂತು. ಜಾರ್ಜ್ ಮತ್ತು ಲೆನ್ನಿ ಊರೂರು ಅಲೆಯುವ ಕೂಲಿಗಳು. ಲೆನ್ನಿಗೆ ಮೈತುಂಬ ಬಲ, ಬುದ್ಧಿ ಮಗುವಿನದು. ಸ್ವಂತ ತುಂಡು ಹೊಲ, ಸಾಕಿದ ಮೊಲ, ಇಷ್ಟೇ ಕನಸು. ಕೊನೆಗೆ ಗುಂಪಿನ ಕೈಗೆ ಸಿಕ್ಕಿ ಲೆನ್ನಿ ಸಾಯಬಾರದೆಂದು ಜಾರ್ಜನೇ ಅವನನ್ನು ಕೊಲ್ಲುತ್ತಾನೆ. ಅಲ್ಲಿ ಧಣಿ ಇದ್ದಾನೆ, ಆದರೆ ಕಥೆ ಅವನದಲ್ಲ. ನಿಷ್ಠೆ ಹರಿಯುವುದು ಅಡ್ಡಡ್ಡ, ಒಬ್ಬ ಆಳಿನಿಂದ ಇನ್ನೊಬ್ಬ ಆಳಿಗೆ.

ನಮ್ಮಲ್ಲಿ ಇದರ ಹತ್ತಿರ ಬಂದದ್ದು ಕಂಪನಿಯಲ್ಲ, ಹಳ್ಳಿಯವರೇ ಆಡುವ ಜಾನಪದ ಸಣ್ಣಾಟ. ಬೈಲಹೊಂಗಲದಲ್ಲಿ ನಡೆದ ಕೊಲೆಯ ಮೇಲೆ ಕಟ್ಟಿದ್ದೆನ್ನುವ ‘ಸಂಗ್ಯಾ ಬಾಳ್ಯಾ’ದ ಹೆಸರಿನಲ್ಲೇ ಗೆಳೆಯರಿಬ್ಬರು ಇದ್ದಾರೆ. ಸಂಗ್ಯಾ ರೊಕ್ಕವುಳ್ಳವನು, ಬೇರೊಬ್ಬ ಗೆಳೆಯನ ಹೆಂಡತಿ ಗಂಗಿಗೆ ಮನಸೋತವನು; ಬಾಳ್ಯಾ ಅವನ ಬೆನ್ನಿಗಿದ್ದವನು, ಕೊನೆಗೆ ಅವನನ್ನು ಗಂಗಿಯ ಗಂಡನಿಗೆ ಹಿಡಿದುಕೊಟ್ಟವನು. ಇದನ್ನು ಆಡಿದವರು ಊರ ಒಕ್ಕಲು ಮಕ್ಕಳೇ. ಗೆಳೆತನಕ್ಕೂ ಒಂದು ಬೆಲೆ ಕಟ್ಟಬಹುದು, ಬಡವನಾದ ಗೆಳೆಯನನ್ನು ಕೊಳ್ಳಬಹುದು ಎಂಬ ಸಂಗತಿಯನ್ನು ಅವರು ಸೀನರಿ ಪರದೆಯ ಆಸರೆಯಿಲ್ಲದೆ, ಊರ ನಡುವೆ ನಿಂತು ಹಾಡಿದರು. ಗಂಗಿಯ ಶೃಂಗಾರಕ್ಕೆ ಶಿಳ್ಳೆ ಹೊಡೆದವರೂ ಬಾಳ್ಯಾನ ಮಾತು ಬಂದಾಗ ಸುಮ್ಮನಾಗುವುದುಂಟು.

ಕಂಪನಿ ಯಾಕೆ ಈ ಗೆಳೆತನದ ಕಥೆಗೆ ಬರಲಿಲ್ಲ? ಗಲ್ಲಾ ಒಂದು ಕಾರಣ. ಮುಂದಿನ ಕುರ್ಚಿ ಗೌಡರಿಗೂ ಸಾಹುಕಾರರಿಗೂ ಮೀಸಲು. ಆಳುಗಳು ಧಣಿಯನ್ನು ಮರೆತು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ನಾಟಕ ಅವರಿಗೆ ರುಚಿಸುವಂಥದಲ್ಲ. ಇನ್ನೊಂದು ಕಾರಣ ಕಂಪನಿಯ ಒಳಗೇ ಇದೆ. ಪರದೆ ಎಳೆಯುವವನು, ಬಣ್ಣ ಹಚ್ಚುವವನು, ಅಡುಗೆಯವನು, ನಟ, ಎಲ್ಲರೂ ಮಾಲಕರ ಅನ್ನ ಉಂಡವರು. ಮಳೆಗಾಲದಲ್ಲಿ ಕ್ಯಾಂಪು ಕೈಕೊಟ್ಟಾಗ ಪಗಾರವಿಲ್ಲದೆಯೂ ಬಿಟ್ಟುಹೋಗದವರು. ಗದಗಿನ ಪಂಚಾಕ್ಷರಿ ಗವಾಯಿಗಳ ಕಂಪನಿಯಂತೂ ಕುರುಡ ಮಕ್ಕಳಿಗೆ ಸಂಗೀತ ಕಲಿಸುವ ಆಶ್ರಮದ ಹೊಟ್ಟೆ ತುಂಬಲೆಂದೇ ಊರೂರು ತಿರುಗಿತು. ಇಂಥ ಬದುಕಿನಿಂದ ಉಪ್ಪಿನ ಋಣದ ನಾಟಕ ಹುಟ್ಟಿದ್ದು ಸಹಜ. ಪರದೆಯ ಹಿಂದೆ, ಜ್ವರ ಬಂದವನ ಪಾತ್ರವನ್ನು ಇನ್ನೊಬ್ಬ ಹೊತ್ತು ಆಡಿದ ರಾತ್ರಿಗಳೂ ಇದ್ದವಲ್ಲ, ಅವು ಮಾತ್ರ ನಾಟಕವಾಗಲಿಲ್ಲ.

ಆದರೂ ಕಂಪನಿ ನಾಟಕದಲ್ಲಿ ಆಳುಗಳ ಗೆಳೆತನ ಪೂರ್ತಿ ಇಲ್ಲವೆನ್ನಲಾರೆ. ಹಾಸ್ಯದ ಜೋಡಿ ಪುಸ್ತಕದಲ್ಲಿಲ್ಲದ ಮಾತು ಆಡಲು ಸುರುಮಾಡಿದಾಗ ಅದು ಇಣುಕುತ್ತದೆ. ಒಂದು ನಾಟಕದಲ್ಲಿ ಇಬ್ಬರು ಆಳುಗಳು ಒಂದೇ ಬೀಡಿಯನ್ನು ಸರದಿಯ ಮೇಲೆ ಸೇದುತ್ತ ಕೂತಿದ್ದರು.

“ಸಾಹುಕಾರಗ ಸಿಟ್ಟು ಬಂದ್ರ ಪಗಾರ ಕಡಿತಾನ. ನಿನಗ ಬಂದ್ರ?”

“ನನ್ನ ಹೊಟ್ಟಿ ಕಡಿತೈತಿ.”

“ಹಂಗಾರ ಈ ಜುರುಕಿ ನೀನಽ ಎಳಿ.”

ಕೊನೆಯ ಮಾತಿಗೆ ನಗು ಬರಲಿಲ್ಲ, ಚಪ್ಪಾಳೆ ಬಂತು. ಕಥೆಗೆ ಏನೂ ಸಂಬಂಧವಿಲ್ಲದ ಎರಡು ನಿಮಿಷ ಅದು. ಮುಂದಿನ ದೃಶ್ಯದಲ್ಲಿ ಅವರಿಬ್ಬರೂ ಅದೇ ಸಾಹುಕಾರನ ಕಾಲು ಹಿಡಿದು ಅತ್ತರು.

ವಿಮರ್ಶಕರು ಕಂಪನಿ ನಾಟಕವನ್ನು ಅಳೆಯುವುದು ಅಚ್ಚಾದ ಪುಸ್ತಕ ನೋಡಿ, ಇಲ್ಲವೇ ಹೊಲಸು ಮಾತು ಹೆಚ್ಚಾಯಿತೆಂದು ಬೈದು. ಬೈಗುಳಕ್ಕೆ ಕಾರಣ ಇದ್ದೇ ಇದೆ. ದ್ವಂದ್ವಾರ್ಥವೇ ಈಗ ಹಲವು ಕಡೆ ಗಲ್ಲಾ ತುಂಬುತ್ತಿದೆ. ಆದರೆ ಆ ಬೀಡಿಯ ಮಾತು ಯಾವ ಪುಸ್ತಕಕ್ಕೂ ಸೇರುವುದಿಲ್ಲ, ಆಡಿದವನೂ ಬರೆದಿಡುವುದಿಲ್ಲ. ಗೋವಾದ ಕಟ್ಟಡದ ಕೆಲಸಕ್ಕೆ ಜೋಡಿಯಾಗಿ ಹೋಗಿ, ಒಂದೇ ತಗಡಿನ ಶೆಡ್ಡಿನಲ್ಲಿ ಮಲಗಿ, ಒಬ್ಬನೇ ಮರಳಿದವನ ಕಥೆ ಬಾದಾಮಿ ಸುತ್ತಿನ ಹಳ್ಳಿಗಳಿಗೆ ಹೊಸದಲ್ಲ. ಬನಶಂಕರಿಯ ಯಾವ ಥೇಟರಿನ ಬೋರ್ಡಿನ ಮೇಲೂ ಅದನ್ನು ನಾನು ಕಂಡಿಲ್ಲ.