ವಾದದಲ್ಲಿ ಗೆದ್ದ ವಾಲಿ

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿ ನಿಲ್ಲಿಸುತ್ತಾರೆ. ಪಂಚೆ ಉಟ್ಟು, ಶಾಲು ಹೊದ್ದು ಕುಳಿತ ಅರ್ಥಧಾರಿ ಅಲ್ಲಿಂದ ರಾಮನೋ ರಾವಣನೋ ಆಗಿ ಮಾತಿಗೆ ತೊಡಗುತ್ತಾನೆ. ಬರೆದಿಟ್ಟ ಸಂಭಾಷಣೆ ಇಲ್ಲ. ಇದಿರು ಕುಳಿತವರು ಏನು ಕೇಳಿಯಾರು ಎಂಬುದೂ ಮೊದಲೇ ತಿಳಿದಿರುವುದಿಲ್ಲ. ಕರಾವಳಿ, ಮಲೆನಾಡು, ಕಾಸರಗೋಡಿನ ಕಡೆ ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ಇಂಥ ಕೂಟಗಳದ್ದೇ ಕಾಲ. ಕೇಳಲು ಬಂದವರಿಗೆ ಕಥೆ ಗೊತ್ತು. ವಾಲಿ ಸಾಯುತ್ತಾನೆ, ಸಂಧಾನ ಮುರಿಯುತ್ತದೆ, ಕರ್ಣ ಪಾಂಡವರ ಕಡೆಗೆ ಬರುವುದಿಲ್ಲ. ಆದರೂ ಗಂಟೆಗಟ್ಟಲೆ ಕೂರುತ್ತಾರೆ. ಅವರು ಕಾಯುವುದು ಮುಂದೇನಾಯಿತು ಎಂಬುದಕ್ಕಲ್ಲ; ಈ ಪಾತ್ರ ಈ ಮಾತನ್ನು ಯಾವ ನೋವಿನಿಂದ, ಏನನ್ನು ಮನಸ್ಸಿನಲ್ಲಿಟ್ಟುಕೊಂಡು ಆಡಿತು ಎಂಬುದಕ್ಕೆ.

ಇತ್ತೀಚಿನ ಕೂಟಗಳಲ್ಲಿ ಕೈತಪ್ಪುತ್ತಿರುವುದು ಇದೇ.

ವಾಲಿವಧೆಯನ್ನೇ ನೋಡಬಹುದು. ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳ ಕಾಲದಿಂದ ಯಕ್ಷಗಾನದವರಿಗೆ ಪ್ರಿಯವಾದ ಸನ್ನಿವೇಶ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ: ಇನ್ನೊಬ್ಬನೊಡನೆ ಹೋರಾಡುತ್ತಿದ್ದವನನ್ನು ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡ ಅಪರಾಧಕ್ಕೆ ಇದು ಶಿಕ್ಷೆ, ಭರತನ ಆಳ್ವಿಕೆಯ ನೆಲದಲ್ಲಿ ಧರ್ಮ ತಪ್ಪಿದವರನ್ನು ದಂಡಿಸುವುದು ತಮ್ಮ ಹೊಣೆ ಎಂದು ರಾಮ ಉತ್ತರಿಸುತ್ತಾನೆ. ವಾದಕ್ಕೆ ಬೇಕಾದ ಸರಕೆಲ್ಲ ಇಲ್ಲಿದೆ. ಅರ್ಥಧಾರಿಗಳು ಹಿಗ್ಗಿ ಇದರೊಳಗೆ ಇಳಿಯುತ್ತಾರೆ. ಒಬ್ಬರು ಸ್ಮೃತಿಯ ಶ್ಲೋಕ ಎಸೆದರೆ ಇನ್ನೊಬ್ಬರು ಅದಕ್ಕೊಂದು ವಿನಾಯಿತಿ ಹುಡುಕುತ್ತಾರೆ, ಚಪ್ಪಾಳೆ ಬೀಳುತ್ತದೆ. ಅಷ್ಟು ಹೊತ್ತಿಗೆ ವಾಲಿಯ ಎದೆಯಲ್ಲಿ ಬಾಣವಿದೆ ಎಂಬುದು ವೇದಿಕೆಗೂ ಸಭೆಗೂ ಮರೆತುಹೋಗಿರುತ್ತದೆ.

ವಾಲ್ಮೀಕಿಯ ಕಿಷ್ಕಿಂಧಾ ಕಾಂಡಕ್ಕೆ ಹೋದರೆ ವಾಲಿಯ ಆಕ್ಷೇಪದ ಬೇರು ಬೇರೆಲ್ಲೋ ಇದೆ. ಎರಡನೆಯ ಸಲ ತಮ್ಮ ಸುಗ್ರೀವ ಕಾದಾಟಕ್ಕೆ ಕೂಗಿ ಕರೆದಾಗ ತಾರೆ ಗಂಡನನ್ನು ತಡೆದಿದ್ದಳು. ಸುಗ್ರೀವನಿಗೆ ರಾಮನ ಬೆಂಬಲ ಸಿಕ್ಕಿದೆ ಎಂಬ ಸುದ್ದಿಯನ್ನು ಮಗ ಅಂಗದ ತಂದಿದ್ದಾನೆ, ಹೋಗಬೇಡ ಎಂದಿದ್ದಳು. ರಾಮ ಧರ್ಮ ಬಲ್ಲವನು, ಪಾಪ ಮಾಡಲಾರ ಎಂದು ಅವಳಿಗೆ ಸಮಾಧಾನ ಹೇಳಿ ಹೊರಟವನು ವಾಲಿ. ಅಂದರೆ ಕಂಡರಿಯದ ರಾಮನ ಮೇಲೆ ವಿಶ್ವಾಸವಿಟ್ಟು, ಕೈಹಿಡಿದವಳ ಮಾತನ್ನು ತಳ್ಳಿ ಬಂದು ಬಿದ್ದಿದ್ದಾನೆ. ಬೈಯುತ್ತಿರುವುದು ರಾಮನನ್ನು, ಆ ಬೈಗುಳದ ಅರ್ಧಪಾಲು ತನಗೇ ಸಲ್ಲುತ್ತದೆಂಬುದು ಅವನಿಗೆ ಗೊತ್ತು. ನನ್ನಲ್ಲಿಗೆ ಬಂದಿದ್ದರೆ ಒಂದೇ ದಿನದಲ್ಲಿ ಸೀತೆಯನ್ನು ತಂದೊಪ್ಪಿಸುತ್ತಿದ್ದೆ ಎಂದೂ ವಾಲಿ ಹೇಳುತ್ತಾನೆ. ಹೆಚ್ಚಿನ ಕೂಟಗಳಲ್ಲಿ ಇದು ಬಲದ ಬಡಾಯಿಯಾಗಿಯೇ ಬರುತ್ತದೆ. ಆದರೆ ‘ನನ್ನನ್ನು ಬಿಟ್ಟು ಅವನನ್ನು ಆರಿಸಿಕೊಂಡೆಯಲ್ಲ’ ಎಂಬ ಸಂಕಟ ಅದರಡಿಯಲ್ಲಿ ಕೇಳಿಸದಿದ್ದರೆ ಆ ಮಾತು ವ್ಯರ್ಥ. ಕೊನೆಗೆ ಅವನ ಚಿಂತೆ ಅಂಗದನ ಮೇಲೆ ಹೋಗಿ ನಿಲ್ಲುತ್ತದೆ: ಮಗ ಚಿಕ್ಕವನು, ಕಾಪಾಡು. ಯಾರ ವಿರುದ್ಧ ಇಷ್ಟು ಹೊತ್ತು ಕೂಗಿದನೋ ಅವನ ಕೈಗೇ ಮಗನನ್ನು ಒಪ್ಪಿಸುತ್ತಾನೆ. ವಕೀಲನಾಗಿ ಗೆದ್ದ ವಾಲಿಗೆ ಈ ತಿರುವನ್ನು ದಾಟುವುದು ಕಷ್ಟ. ಗೆದ್ದವನು ಬೇಡುವುದು ಹೇಗೆ? ಆದ್ದರಿಂದಲೇ ಅನೇಕ ಕೂಟಗಳಲ್ಲಿ ಅಂಗದನ ಮಾತು ಗಡಿಯಾರ ನೋಡಿಕೊಂಡು ಎರಡು ವಾಕ್ಯದಲ್ಲಿ ಮುಗಿಯುತ್ತದೆ.

ಇದಕ್ಕೆ ‘ಶೇಣಿ–ಸಾಮಗ’ ಅರ್ಥಧಾರಿಗಳ ಕಾಲದ ವಾಗ್ವಾದಗಳೇ ಕಾರಣ ಎನ್ನುವವರಿದ್ದಾರೆ. ಆ ದೂರನ್ನು ಒಪ್ಪುವುದು ಕಷ್ಟ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣರಂಥ ಪಾತ್ರಗಳಿಗೆ ದಟ್ಟವಾದ ಸಮರ್ಥನೆ ಕಟ್ಟಿದ್ದು ನಿಜ. ಆದರೆ ತನ್ನನ್ನು ಕೆಟ್ಟವನೆಂದು ಲೋಕ ಆಗಲೇ ತೀರ್ಮಾನಿಸಿಬಿಟ್ಟಿದೆ ಎಂದು ಅರಿತವನ ಕಹಿ ಆ ತರ್ಕದ ಒಳಗಿರುತ್ತಿತ್ತು. ಅನುಕರಿಸಿದವರು ತರ್ಕವನ್ನು ಎತ್ತಿಕೊಂಡರು, ಕಹಿಯನ್ನು ಬಿಟ್ಟರು. ಈಗ ಯೂಟ್ಯೂಬಿನಲ್ಲಿ ಹರಿದಾಡುವುದೂ ಜಟಾಪಟಿಯ ಹತ್ತು ನಿಮಿಷದ ತುಣುಕುಗಳೇ. ಹೊಸಬರು ಕಲಿಯುವುದು ಅವುಗಳಿಂದ.

ಮಾತೇ ಭಾರ ಎಂಬ ಇನ್ನೊಂದು ನಿಲುವೂ ಇದೆ. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಯಲ್ಲಿ ಅರ್ಥದ ಮಾತನ್ನು ಕೈಬಿಟ್ಟು, ಆಟವನ್ನು ರಾಗ ಮತ್ತು ನೃತ್ಯಗಳ ಮೇಲೆ ಕಟ್ಟಿದರು. ರಂಗಸ್ಥಳದ ಆಟಕ್ಕೆ ಆ ಪ್ರಯೋಗ ಸಂದೀತು. ತಾಳಮದ್ದಳೆಗೆ ಆ ದಾರಿ ಇಲ್ಲ. ಮಾತು ಕೆಟ್ಟರೆ ಮಾತಿನಲ್ಲೇ ರಿಪೇರಿಯಾಗಬೇಕು.

ರಿಪೇರಿ ಸಾಧ್ಯ ಎಂಬುದಕ್ಕೆ ಕರ್ಣಭೇದನ ಪ್ರಸಂಗ ಸಾಕ್ಷಿ. ಸಂಧಾನ ಮುರಿದ ಮೇಲೆ ಕೃಷ್ಣ ಕರ್ಣನನ್ನು ರಥಕ್ಕೆ ಹತ್ತಿಸಿಕೊಂಡು ಹುಟ್ಟಿನ ಗುಟ್ಟು ಹೇಳುತ್ತಾನೆ: ನೀನು ಕುಂತಿಯ ಮಗ, ಬಾ, ರಾಜ್ಯ ನಿನ್ನದು. ಕೃಷ್ಣ ಇಲ್ಲಿ ಸುಳ್ಳಾಡುತ್ತಿಲ್ಲ. ಸುಳ್ಳಿಲ್ಲದ ಮಾತಿನ ಹಿಂದಿರುವುದು ಅಕ್ಕರೆಯೋ, ಯುದ್ಧಕ್ಕೆ ಮುನ್ನ ಕೌರವನ ಬಲಗೈ ಮುರಿಯುವ ಹಂಚಿಕೆಯೋ? ಕೆಲವರು ಕೃಷ್ಣನನ್ನು ಕರುಣಾಳುವಾಗಿಸಿ ಕಣ್ಣೀರು ತರಿಸುತ್ತಾರೆ, ಕೆಲವರು ಕುಹಕಿಯಾಗಿಸಿ ನಗಿಸುತ್ತಾರೆ. ಎರಡೂ ಸುಲಭದ ದಾರಿ. ನುರಿತ ಅರ್ಥಧಾರಿ ಎರಡನ್ನೂ ಉಳಿಸಿಕೊಳ್ಳುತ್ತಾನೆ. ಅನುಮಾನಿಸುವ ಕೆಲಸವನ್ನು ಕರ್ಣನಿಗೆ ಬಿಡುತ್ತಾನೆ. ಕರ್ಣನ ಉತ್ತರವೂ ಹಾಗೆಯೇ ಎರಡು ಪದರದ್ದು. ಈ ವಿಷಯ ಧರ್ಮರಾಯನಿಗೆ ತಿಳಿಯುವುದು ಬೇಡ, ತಿಳಿದರೆ ಅವನು ರಾಜ್ಯ ಮುಟ್ಟಲಾರ ಎಂದು ವ್ಯಾಸಭಾರತದ ಕರ್ಣ ಕೇಳಿಕೊಳ್ಳುತ್ತಾನೆ. ಬೇಡವೆಂದು ಹೇಳುತ್ತಲೇ ತಮ್ಮನ ಸ್ವಭಾವ ಬಲ್ಲ ಅಣ್ಣನಾಗಿಬಿಟ್ಟಿದ್ದಾನೆ. ಇದನ್ನು ವಿವರಿಸಲು ಹೋದರೆ ಕೆಟ್ಟಿತು. ಮೆಲ್ಲಗೆ ಹೇಳಿ ಸುಮ್ಮನಾದರೆ ಸಾಕು.

ಹೀಗೆ ಸುಮ್ಮನಾಗಲು ಇದಿರಿನವರ ಮಾತನ್ನು ಪೂರ್ತಿ ಕೇಳುವ ಕಿವಿ ಬೇಕು. ಮನೆಯಿಂದಲೇ ಉತ್ತರ ಕಟ್ಟಿಕೊಂಡು ಬಂದವರಿಗೆ ಅದು ಇರುವುದಿಲ್ಲ. ಕುರುಕ್ಷೇತ್ರದ ಪಾತ್ರಗಳನ್ನು ವಿಚಾರಣೆಗೆ ನಿಲ್ಲಿಸುವ ‘ಕುರುಕ್ಷೇತ್ರಕ್ಕೊಂದು ಆಯೋಗ’ ಬರೆದ ದೇರಾಜೆ ಸೀತಾರಾಮಯ್ಯನವರೂ ಅರ್ಥಧಾರಿಯೇ. ಪಾತ್ರದ ಒಳಮನಸ್ಸನ್ನು ಹುಡುಕುವ ಅಂಥ ಓದು ಈಗ ಕಡಿಮೆಯಾಗಿದೆ, ಶ್ಲೋಕದ ಬಾಯಿಪಾಠ ಹೆಚ್ಚಾಗಿದೆ.

ಸಂಘಟಕರೂ ಒಂದಷ್ಟು ಮಾಡಬಹುದು. ಒಂದು ಸಂಜೆಗೆ ಎರಡು ಪ್ರಸಂಗ ತುರುಕುವುದನ್ನು ಬಿಡಲಿ. ವಾಲಿವಧೆ ಇಟ್ಟ ದಿನ ವಾದಕ್ಕೆ ಕೊಟ್ಟಷ್ಟೇ ಹೊತ್ತನ್ನು ತಾರೆಗೂ ಅಂಗದನಿಗೂ ಮೀಸಲಿಡಲಿ. ಸಭೆಯಲ್ಲಿ ಕುಳಿತವರು ಶ್ಲೋಕಕ್ಕೆ ಹೊಡೆಯುವ ಚಪ್ಪಾಳೆಯನ್ನು ಸ್ವಲ್ಪ ತಡೆಹಿಡಿದರೆ ಅದೂ ಉಪಕಾರವೇ.