ಭಕ್ತಿಗೆ ಹೆಣ್ಣು ಮನಸ್ಸೇ ಬೇಕೇ? ಯುವಜನರ ಧಾರ್ಮಿಕ ಮನೋಭಾವವನ್ನು ಅಳೆಯುವ ಮಾಪಕಗಳ ಒಂದು ವಿಮರ್ಶೆ

ಗಂಡಸರಿಗಿಂತ ಹೆಂಗಸರು ಹೆಚ್ಚು ದೈವಭಕ್ತರು ಎಂಬ ಮಾತು ನಮ್ಮಲ್ಲಿ ಹೊಸದಲ್ಲ. ವ್ರತ, ಹಬ್ಬದಡುಗೆ, ದೇವರ ಮುಂದಿನ ದೀಪ, ಹೊಸ್ತಿಲ ರಂಗೋಲಿ ಇವೆಲ್ಲ ಅಮ್ಮನ ಪಾಲು ಎಂದು ನೋಡುತ್ತ ಬೆಳೆದವರು ನಾವು. ಬ್ರಿಟನ್ನಿಗೆ ಬಂದು ನೆಲೆಸಿದ ಮೇಲೂ ಅದೇ ಧಾಟಿ ಮುಂದುವರಿದಿದೆ: ಮಗಳು ಪೂಜೆಗೆ ಬಂದು ಕೂರುತ್ತಾಳೆ, ಮಗನಿಗೆ ಇದರಲ್ಲೆಲ್ಲ ಆಸಕ್ತಿಯಿಲ್ಲ. ಈ ಅನಿಸಿಕೆಯನ್ನು ಇಲ್ಲಿನ ಮನೋವಿಜ್ಞಾನಿಗಳು ಹಲವು ದಶಕಗಳಿಂದ ಶಾಲಾ ಮಕ್ಕಳ ನಡುವೆ ಪರೀಕ್ಷೆಗೆ ಒಡ್ಡಿದ್ದಾರೆ. ಅವರ ಉತ್ತರ ನಮ್ಮ ಮನೆಮಾತಿಗಿಂತ ಸೂಕ್ಷ್ಮವಾದದ್ದು. ಆದರೆ ಆ ಉತ್ತರವನ್ನು ಒಪ್ಪುವ ಮೊದಲು ಅವರು ಬಳಸಿದ ಅಳತೆಗೋಲುಗಳು ನಿಜಕ್ಕೂ ಏನನ್ನು ಅಳೆಯುತ್ತವೆ ಎಂದು ಪರಿಶೀಲಿಸುವುದು ಅಗತ್ಯ.

ಮೂರು ಅಳತೆಗೋಲುಗಳು

ಈ ಸಂಶೋಧನೆಯ ಕೇಂದ್ರದಲ್ಲಿರುವವರು ಲೆಸ್ಲಿ ಫ್ರಾನ್ಸಿಸ್. ಆಂಗ್ಲಿಕನ್ ಪಾದ್ರಿಯೂ ಪ್ರಾಧ್ಯಾಪಕರೂ ಆದ ಇವರು 1978ರಲ್ಲಿ ಕ್ರೈಸ್ತಧರ್ಮದ ಬಗೆಗಿನ ಮನೋಭಾವವನ್ನು ಅಳೆಯಲು 24 ಹೇಳಿಕೆಗಳ ಮಾಪಕವೊಂದನ್ನು ಪ್ರಕಟಿಸಿದರು. ದೇವರು, ಏಸು, ಬೈಬಲ್, ಪ್ರಾರ್ಥನೆ, ಚರ್ಚು ಇವುಗಳ ಬಗ್ಗೆ ತನಗೆ ಏನನ್ನಿಸುತ್ತದೆ ಎಂಬುದನ್ನು ವಿದ್ಯಾರ್ಥಿಯು ಐದು ಹಂತಗಳಲ್ಲಿ ಗುರುತಿಸಬೇಕು. ಎಷ್ಟು ಸಲ ಚರ್ಚಿಗೆ ಹೋಗುತ್ತಾನೆ, ಯಾವ ಸಿದ್ಧಾಂತವನ್ನು ನಂಬುತ್ತಾನೆ ಎಂಬುದಕ್ಕಿಂತ ಧರ್ಮದ ಕುರಿತ ಭಾವನೆಯೇ ಇಲ್ಲಿ ಮುಖ್ಯ.

ಎರಡನೆಯದು ಹಾನ್ಸ್ ಐಸೆಂಕ್ ಅವರ ವ್ಯಕ್ತಿತ್ವ ಪ್ರಶ್ನಾವಳಿ. ಬರ್ಲಿನ್‌ನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಕೆಲಸ ಮಾಡಿದ ಐಸೆಂಕ್ ವ್ಯಕ್ತಿತ್ವವನ್ನು ಮೂರು ಆಯಾಮಗಳಲ್ಲಿ ವಿವರಿಸಿದರು: ಬಹಿರ್ಮುಖತೆ, ಮನಸ್ಸಿನ ತಳಮಳ, ಮತ್ತು ಅವರು ಸೈಕೋಟಿಸಿಸಂ ಎಂದು ಕರೆದ ಮೂರನೆಯ ಆಯಾಮ. ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಇಲ್ಲಿ ಅದು ಕಾಯಿಲೆಯಲ್ಲ, ಎಲ್ಲರಲ್ಲೂ ಹೆಚ್ಚುಕಡಿಮೆ ಇರುವ ಸ್ವಭಾವ: ಒರಟುತನ, ಪರರ ನೋವಿಗೆ ಮಿಡಿಯದಿರುವುದು, ಕಟ್ಟುಪಾಡಿಗೆ ಒಗ್ಗದಿರುವುದು. ಸುಲಭಕ್ಕೆ ಇದನ್ನು ಗಡಸು ಮನಸ್ಸು ಎನ್ನೋಣ.

ಮೂರನೆಯದು ಅಮೆರಿಕದ ಸಾಂಡ್ರಾ ಬೆಮ್ 1974ರಲ್ಲಿ ಪ್ರಕಟಿಸಿದ ಗುಣಪಟ್ಟಿ. ಇದರಲ್ಲಿ 60 ಗುಣಗಳಿವೆ: 20 ಗಂಡುತನಕ್ಕೆ, 20 ಹೆಣ್ತನಕ್ಕೆ, ಉಳಿದ 20 ಯಾವ ಕಡೆಗೂ ಸೇರದವು. ಪ್ರತಿಯೊಂದೂ ತನಗೆ ಎಷ್ಟು ಒಪ್ಪುತ್ತದೆ ಎಂದು 1ರಿಂದ 7ರವರೆಗೆ ತಾವೇ ಅಂಕ ಕೊಟ್ಟುಕೊಳ್ಳಬೇಕು. ಹೀಗೆ ದೊರೆಯುವ ಲಿಂಗಭಾವದ ಅಂಕವು ಯಾರು ಯಾರತ್ತ ಆಕರ್ಷಿತರಾಗುತ್ತಾರೆ ಎಂಬುದರ ಅಳತೆಯಲ್ಲ. ಗಂಡುತನ ಮತ್ತು ಹೆಣ್ತನ ಒಂದೇ ಕೋಲಿನ ಎರಡು ತುದಿಗಳಲ್ಲ, ಒಬ್ಬರಲ್ಲೇ ಎರಡೂ ಹೇರಳವಾಗಿರಬಹುದು ಎಂಬುದು ಬೆಮ್ ಅವರ ಮುಖ್ಯ ಒಳನೋಟ.

ಕಂಡುಬಂದ ಸಂಗತಿಗಳು

ಐಸೆಂಕ್ ಆಯಾಮಗಳನ್ನೂ ಧಾರ್ಮಿಕ ಮನೋಭಾವವನ್ನೂ ಜೋಡಿಸಿ ನೋಡಿದ ಫ್ರಾನ್ಸಿಸ್, ಗಡಸು ಮನಸ್ಸೇ ಇಲ್ಲಿ ನಿರ್ಣಾಯಕ ಎಂಬ ವಾದವನ್ನು 1992ರಲ್ಲಿ ಮಂಡಿಸಿದರು. ಅದು ಹೆಚ್ಚಿದಷ್ಟೂ ಧರ್ಮದ ಬಗೆಗಿನ ಒಲವು ಕಡಿಮೆ. ಬಹಿರ್ಮುಖತೆಗೆ ಇಂಥ ಸ್ಥಿರ ಸಂಬಂಧವಿಲ್ಲ. ತಳಮಳದ ಮನಸ್ಸಿಗೂ ಧರ್ಮಕ್ಕೂ ನಂಟಿರುವಂತೆ ಮೇಲ್ನೋಟಕ್ಕೆ ಕಾಣಬಹುದು. ಆದರೆ ಹುಡುಗಿಯರು ಎರಡರಲ್ಲೂ ಹೆಚ್ಚು ಅಂಕ ಪಡೆಯುವುದೇ ಅದಕ್ಕೆ ಕಾರಣ. ಹುಡುಗ, ಹುಡುಗಿಯರನ್ನು ಬೇರೆಬೇರೆಯಾಗಿ ಲೆಕ್ಕ ಹಾಕಿದರೆ ಆ ನಂಟು ಕರಗುತ್ತದೆ. ಧರ್ಮವೆಂದರೆ ಅಂಜುಬುರುಕರ ಊರುಗೋಲು ಎಂಬ ಹಳೆಯ ಮೂದಲಿಕೆಗೆ ಇದು ಒಳ್ಳೆಯ ಉತ್ತರ.

ಲಿಂಗಭಾವದ ವಿಷಯದಲ್ಲಿ ಅಮೆರಿಕದ ಎಡ್ವರ್ಡ್ ಥಾಂಪ್ಸನ್ 1991ರಲ್ಲಿ ಹೊಸ ದಾರಿ ತೋರಿದರು. ಧಾರ್ಮಿಕತೆಯನ್ನು ವಿವರಿಸುವುದು ಗಂಡು ಅಥವಾ ಹೆಣ್ಣು ದೇಹವಲ್ಲ, ಬೆಮ್ ಪಟ್ಟಿಯ ಹೆಣ್ತನ ಎಂಬುದು ಅವರ ಪ್ರತಿಪಾದನೆ. ಫ್ರಾನ್ಸಿಸ್ ಮತ್ತು ಕ್ಯಾರೊಲಿನ್ ವಿಲ್ಕಾಕ್ಸ್ ಈ ಪ್ರಶ್ನೆಯನ್ನು 1996 ಮತ್ತು 1998ರ ಲೇಖನಗಳಲ್ಲಿ ಮುಂದುವರಿಸಿದರು. ಹದಿಹರೆಯದವರಲ್ಲಿ ಹೆಣ್ತನದ ಅಂಕ ಹೆಚ್ಚಿದಷ್ಟೂ ಕ್ರೈಸ್ತಧರ್ಮದತ್ತ ಒಲವು ಹೆಚ್ಚು ಎಂದು ಅವರಿಗೂ ಕಂಡಿತು.

ಈ ವಾದದಲ್ಲಿ ಮೆಚ್ಚಬೇಕಾದ ಅಂಶವಿದೆ. ಅದು ಚರ್ಚೆಯನ್ನು ದೇಹದಿಂದ ಸ್ವಭಾವಕ್ಕೆ ತಂದಿತು. ಮೃದು ಸ್ವಭಾವದ ಹುಡುಗ ಅಂಥದೇ ಸ್ವಭಾವದ ಹುಡುಗಿಯಷ್ಟೇ ಧರ್ಮಕ್ಕೆ ಹತ್ತಿರ ಎಂದ ಮೇಲೆ, "ಗಂಡುಮಕ್ಕಳೇ ಹಾಗೆ" ಎಂದು ಕೈಚೆಲ್ಲುವ ನಮ್ಮ ಅಭ್ಯಾಸಕ್ಕೆ ಆಧಾರ ಉಳಿಯುವುದಿಲ್ಲ.

ಮಾಪಕದೊಳಗಿನ ತೊಡಕು

ಆದರೆ ಬೆಮ್ ಪಟ್ಟಿಯನ್ನು ಒಮ್ಮೆ ಓದಿ ನೋಡಬೇಕು. ಹೆಣ್ತನದ ಕೆಳಗಿರುವ ಗುಣಗಳು ಇಂಥವು: ಮರುಕ, ಅಕ್ಕರೆ, ಮೃದುತ್ವ, ಪರರ ಅಗತ್ಯವನ್ನು ಅರಿಯುವುದು, ನೊಂದವರನ್ನು ಸಂತೈಸುವ ತವಕ. ಇವು ಯಾವ ಧರ್ಮ ತನ್ನ ಮಕ್ಕಳಿಗೆ ಕಲಿಸದ ಗುಣಗಳು? ದಯೆಯನ್ನು ಬೋಧಿಸುವ ಪರಂಪರೆಯಲ್ಲಿ ಬೆಳೆದ ಮಗು ತನ್ನನ್ನು ದಯಾವಂತ ಎಂದು ಗುರುತಿಸಿಕೊಂಡರೆ ಅದಕ್ಕೆ ಹೆಣ್ತನದ ಅಂಕ ಹೆಚ್ಚುತ್ತದೆ. ಹಾಗಾದರೆ ಹೆಣ್ತನ ಧಾರ್ಮಿಕತೆಗೆ ಕಾರಣವೋ, ಧಾರ್ಮಿಕ ಪಾಲನೆಯೇ ನಾವು ಹೆಣ್ತನವೆಂದು ಕರೆಯುವ ಗುಣಕ್ಕೆ ಕಾರಣವೋ? ಒಂದೇ ದಿನ ತುಂಬಿಸಿದ ಪ್ರಶ್ನಾವಳಿ ಇದಕ್ಕೆ ಉತ್ತರ ಹೇಳಲಾರದು. ಗಡಸು ಮನಸ್ಸಿನ ಅಂಕದ್ದೂ ಇದೇ ಕಥೆ. ಅದು ಬಹುಪಾಲು ಇದೇ ಗುಣಗಳ ಇನ್ನೊಂದು ಮಗ್ಗುಲು. ಎರಡು ಬೇರೆ ಸಾಕ್ಷಿಗಳಂತೆ ಕಾಣುವುದು ಒಂದೇ ಸಾಕ್ಷಿ ಎರಡು ಸಲ ನುಡಿದಂತೆಯೂ ಇರಬಹುದು.

ಇನ್ನೂ ದೊಡ್ಡ ತೊಡಕು ಗಂಡುತನದ ಪಟ್ಟಿಯಲ್ಲಿದೆ. ತನ್ನ ನಂಬಿಕೆಗಳನ್ನು ಸಮರ್ಥಿಸಿಕೊಳ್ಳುವುದು, ಒಂದು ನಿಲುವಿಗೆ ಬದ್ಧವಾಗಿ ನಿಲ್ಲುವುದು, ಸ್ವತಂತ್ರವಾಗಿ ಯೋಚಿಸುವುದು, ಇವೆಲ್ಲ ಅಲ್ಲಿ ಗಂಡಿನ ಲಕ್ಷಣಗಳು. ಶಾಲೆಯಲ್ಲಿ ಸಹಪಾಠಿಗಳ ಕೀಟಲೆಯ ನಡುವೆ ತನ್ನ ಮನೆಯ ಆಚರಣೆಯನ್ನು ಧೈರ್ಯದಿಂದ ವಿವರಿಸುವ ಹುಡುಗಿಗೆ ಈ ಲೆಕ್ಕದಲ್ಲಿ ದೊರೆಯುವುದು ಗಂಡುತನದ ಅಂಕ. ಅರಮನೆಯನ್ನೂ ಲೋಕದ ಕಟ್ಟಳೆಯನ್ನೂ ತೊರೆದು ತನ್ನ ಚೆನ್ನಮಲ್ಲಿಕಾರ್ಜುನನನ್ನು ಅರಸಿ ಹೊರಟ ಅಕ್ಕಮಹಾದೇವಿ ಈ ಪಟ್ಟಿಯನ್ನು ತುಂಬಿಸಿದ್ದರೆ ಯಾವ ಕಡೆ ಸೇರುತ್ತಿದ್ದಳೋ! ಈ ಪಟ್ಟಿ ಹುಟ್ಟಿದ್ದು ಹೇಗೆ ಎಂಬುದನ್ನೂ ನೆನೆಯಬೇಕು. ಅಮೆರಿಕದ ಸಮಾಜದಲ್ಲಿ ಗಂಡಿಗೆ ಯಾವ ಗುಣ ಭೂಷಣ, ಹೆಣ್ಣಿಗೆ ಯಾವುದು ಭೂಷಣ ಎಂದು 1970ರ ದಶಕದ ಆರಂಭದಲ್ಲಿ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು ಕೊಟ್ಟ ತೀರ್ಪು ಅದರ ತಳಹದಿ. ಅಂದರೆ ಅದು ದಾಖಲಿಸಿರುವುದು ಸ್ವಭಾವಕ್ಕಿಂತ ಹೆಚ್ಚಾಗಿ ಒಂದು ಸಮಾಜದ ನಿರೀಕ್ಷೆಯನ್ನು.

ಯಾವುದನ್ನು ಧರ್ಮ ಎನ್ನುತ್ತೇವೆ?

ಅಳೆಯುವ ವಸ್ತುವಿನ ಪ್ರಶ್ನೆಯೂ ಇದೆ. ಪ್ಯೂ ಸಂಶೋಧನಾ ಕೇಂದ್ರ 2016ರಲ್ಲಿ ಪ್ರಕಟಿಸಿದ ಜಾಗತಿಕ ವರದಿಯ ಪ್ರಕಾರ ಕ್ರೈಸ್ತರಲ್ಲಿ ಹೆಂಗಸರು ಹೆಚ್ಚಾಗಿ ಚರ್ಚಿಗೆ ಹೋಗುತ್ತಾರೆ. ಮುಸ್ಲಿಮರಲ್ಲಿ ವಾರದ ಸಾಮೂಹಿಕ ಪ್ರಾರ್ಥನೆಗೆ ಹೋಗುವವರಲ್ಲಿ ಗಂಡಸರೇ ಹೆಚ್ಚು. ಧರ್ಮ ಯಾರಿಗೆ ಯಾವ ಕೆಲಸ ಹಂಚಿದೆ ಎಂಬುದರ ಮೇಲೆ ಫಲಿತಾಂಶ ನಿಂತಿದೆ ಎಂದಾಯಿತು.

ಫ್ರಾನ್ಸಿಸ್ ಮತ್ತು ಸಂಗಡಿಗರು ತಮ್ಮ ಮಾಪಕವನ್ನು ಹಿಂದೂ ಧರ್ಮಕ್ಕೂ ಹೊಂದಿಸಿದರು. 2008ರಲ್ಲಿ ಬಂದ ಇದಕ್ಕೆ ಸಂತೋಷ್–ಫ್ರಾನ್ಸಿಸ್ ಮಾಪಕ ಎಂದು ಹೆಸರು. ನಮಗೆ ಕುತೂಹಲದ ಸಂಗತಿಯೆಂದರೆ, 2010ರಲ್ಲಿ ಇದನ್ನು ದಕ್ಷಿಣ ಭಾರತದ ಬಂಟರ ನಡುವೆ ಪರೀಕ್ಷಿಸಿದ ಅಧ್ಯಯನವೂ ಪ್ರಕಟವಾಯಿತು. ಬಂಟರದು ತಾಯಿಯ ಕಡೆಯಿಂದ ವಂಶ ಎಣಿಸಿ, ಸೋದರಮಾವನಿಂದ ಅಳಿಯನಿಗೆ ಆಸ್ತಿ ಸಾಗಿಸಿದ ಅಳಿಯಸಂತಾನದ ಪರಂಪರೆ. ದೈವದ ನೇಮ ಅಲ್ಲಿ ಮನೆತನದ ಹೊಣೆ. ಅದನ್ನು ನಡೆಸಿಕೊಡಬೇಕಾದವನಿಗೆ ದೇವರ ಬಗ್ಗೆ ಏನನ್ನಿಸುತ್ತದೆ ಎಂದು ದೈವ ಕೇಳುವುದಿಲ್ಲ. ಹೊಣೆ ಹೊತ್ತೆಯೋ ಇಲ್ಲವೋ ಎಂದು ಕೇಳುತ್ತದೆ. ಭಾವನೆಯನ್ನಷ್ಟೇ ಅಳೆಯುವ ಮಾಪಕಕ್ಕೆ ಈ ಬಗೆಯ ಧರ್ಮ ಪೂರ್ತಿ ಸಿಗುವುದಿಲ್ಲ.

ಭಾವನೆಯ ಮಾತಿಗೇ ಬಂದರೂ ಕನ್ನಡದ ಭಕ್ತಿಪರಂಪರೆ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎದುರಿಸಿದೆ. ಶರಣ ತನ್ನನ್ನು ಸತಿಯೆಂದೂ ಲಿಂಗವನ್ನು ಪತಿಯೆಂದೂ ಭಾವಿಸಿದ. ದಾಸರು ಯಶೋದೆಯಾಗಿ, ಗೋಪಿಯಾಗಿ ಹಾಡಿದರು. ಗಂಡಸೂ ಹೆಣ್ಣಿನ ಭಾವವನ್ನು ಬೇಕೆಂದೇ ಧರಿಸಬಹುದು ಎಂಬುದು ಅವರ ಅರಿವು. ಪ್ರಶ್ನಾವಳಿ ಇದ್ದುದನ್ನು ಎಣಿಸುತ್ತದೆ. ಭಕ್ತಿ ಇಲ್ಲದ್ದನ್ನೂ ಸಾಧನೆಯಿಂದ ರೂಢಿಸಿಕೊಳ್ಳುತ್ತದೆ.

ನಮ್ಮ ಮನೆಗಳಿಗೆ ಇದರ ಅರ್ಥ

ಇದು ಬರೀ ಪಂಡಿತರ ಜಗಳವಲ್ಲ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಶೇ 37.2ರಷ್ಟು ಜನ ತಮಗೆ ಧರ್ಮವಿಲ್ಲ ಎಂದಿದ್ದಾರೆ. ಹಿಂದೂಗಳು ಶೇ 1.7. ಅಂಥ ನೆರೆಹೊರೆಯಲ್ಲಿ ನಮ್ಮ ಮಕ್ಕಳ ಧಾರ್ಮಿಕ ನಿಲುವು ರೂಪುಗೊಳ್ಳುತ್ತಿದೆ. ನಮ್ಮ ಬಳಗದಲ್ಲಿ ಲಿಂಗಾಯತರು, ಜೈನರು, ಮುಸ್ಲಿಮರು, ಕ್ರೈಸ್ತರು, ನಾನಾ ಪಂಗಡದ ಹಿಂದೂಗಳು, ಯಾವ ಧರ್ಮವೂ ಬೇಡವೆನ್ನುವವರು ಎಲ್ಲರೂ ಇದ್ದಾರೆ. ಎಲ್ಲ ಮನೆಗಳಿಗೂ ಅನ್ವಯಿಸುವ ಎರಡು ಮಾತುಗಳು ಈ ಅಧ್ಯಯನಗಳಿಂದ ಹೊರಡುತ್ತವೆ.

ಒಂದು, ಮಗನಿಗೆ ಆಸಕ್ತಿಯಿಲ್ಲ ಎನ್ನುವ ಮುನ್ನ ಅವನಿಗೆ ನಾವು ಕೊಟ್ಟ ಕೆಲಸವೇನು ಎಂದು ಕೇಳಿಕೊಳ್ಳಬೇಕು. ಅಕ್ಕ ಹೂ ಕಟ್ಟುವಾಗ, ಅಮ್ಮ ನೈವೇದ್ಯಕ್ಕೆ ಅಣಿಮಾಡುವಾಗ ಅವನನ್ನು ಫೋನಿನೊಂದಿಗೆ ಸೋಫಾದ ಮೇಲೆ ಬಿಟ್ಟವರು ನಾವೇ. ಅಜ್ಜಿಯ ಕಾಲು ನೀವುವುದು, ಬಂದವರಿಗೆ ಬಡಿಸುವುದು ಮರುಕವನ್ನು ಕಲಿಸುವ ಪಾಠಗಳು. ಅವು ಹುಡುಗಿಯರಿಗೆ ಮೀಸಲಲ್ಲ.

ಎರಡು, ಮಗಳು ಸುಮ್ಮನೆ ಬಂದು ಕೂರುವುದನ್ನೇ ಭಕ್ತಿ ಎಂದು ತಿಳಿಯಬಾರದು. ಅದು ಬರೀ ಹೊಂದಾಣಿಕೆ ಇರಬಹುದು. ಮುಟ್ಟಿನ ದಿನ ದೇವರ ಕೋಣೆಗೆ ಏಕೆ ಹೋಗಬಾರದು ಎಂದು ಅವಳು ಕೇಳಿದರೆ ಅದನ್ನು ಅಶ್ರದ್ಧೆಯ ಲೆಕ್ಕಕ್ಕೆ ಹಾಕಬೇಕಿಲ್ಲ. ಧರ್ಮವನ್ನು ಗಂಭೀರವಾಗಿ ತೆಗೆದುಕೊಂಡವರೇ ಅಂಥ ಪ್ರಶ್ನೆ ಕೇಳುತ್ತಾರೆ. ಯಾವ ಮಾಪಕವೂ ಆ ಪ್ರಶ್ನೆಗೆ ಅಂಕ ಕೊಡದಿರಬಹುದು. ಮನೆಯವರಾದರೂ ಕೊಡಬೇಕು, ಸಾಧ್ಯವಾದರೆ ಉತ್ತರವನ್ನೂ.