ಮುಯ್ಯಿಯ ಕೊಂಡಿಗಳು

ಹೊಸದಾಗಿ ಬ್ಲಾಗು ತೆರೆದವರು ಓದುಗರನ್ನು ಎಲ್ಲಿಂದ ತರುವುದು ಎಂದು ಕೇಳಿದಾಗ ಪಳಗಿದವರು ಕೊಡುತ್ತ ಬಂದಿರುವ ಸಲಹೆಗಳಲ್ಲಿ ಒಂದಕ್ಕೆ ಇಪ್ಪತ್ತು ವರ್ಷ ಮೀರಿದ ವಯಸ್ಸು. ನಿಮ್ಮಂತೆಯೇ ಬರೆಯುವ ಹತ್ತಾರು ಜನರ ಜೊತೆ ಸೇರಿ; ಒಂದು ವಿಷಯ ಇಟ್ಟುಕೊಂಡು ಎಲ್ಲರೂ ಬರೆಯಿರಿ; ಒಬ್ಬರು ಆತಿಥ್ಯ ವಹಿಸಿ ಎಲ್ಲರ ಬರಹಗಳ ಕೊಂಡಿಗಳನ್ನು ಒಂದೆಡೆ ಪೋಣಿಸಿ ಪ್ರಕಟಿಸಲಿ; ಮುಂದಿನ ತಿಂಗಳು ಇನ್ನೊಬ್ಬರ ಸರದಿ. ಕಾರ್ನಿವಲ್, ಇವೆಂಟು, ರೌಂಡಪ್, ಲಿಂಕ್ ಪಾರ್ಟಿ ಎಂದು ಇದಕ್ಕೆ ಕಾಲಕಾಲಕ್ಕೆ ಹೆಸರು ಬದಲಾಗಿದೆ. ಇದರಿಂದ ನಿಜಕ್ಕೂ ಓದುಗರು ಹೆಚ್ಚುತ್ತಾರೆಯೇ? ಒಂದು ಕಾಲಕ್ಕೆ ಹೆಚ್ಚಿದರು ಎಂದೇ ನಾನು ಹೇಳುತ್ತೇನೆ. ಹೆಚ್ಚಿಸಿದ್ದು ಆತಿಥೇಯರ ಓದು. ಆ ಓದು ನಿಂತಲ್ಲೆಲ್ಲ ಪದ್ಧತಿಯೂ ಬತ್ತಿತು.

2002ರ ಸೆಪ್ಟೆಂಬರಿನಲ್ಲಿ ಅಮೆರಿಕದ ‘ಸಿಲ್‌ಫ್ಲೇ ಹ್ರಾಕಾ’ ಎಂಬ ಬ್ಲಾಗು ‘ಕಾರ್ನಿವಲ್ ಆಫ್ ದಿ ವ್ಯಾನಿಟೀಸ್’ ಎಂಬ ವಾರದ ಸಂಕಲನವನ್ನು ಆರಂಭಿಸಿತು. ಆಗ ಓದುಗರೆಲ್ಲ ಬೆರಳೆಣಿಕೆಯ ದೊಡ್ಡ ಬ್ಲಾಗುಗಳ ಸುತ್ತ ನೆರೆದಿದ್ದರು. ಅವು ಕೈತೋರಿಸಿದ ಬರಹಕ್ಕೆ ಮಾತ್ರ ಓದು. ಸಣ್ಣವರು ತಮ್ಮ ಒಳ್ಳೆಯ ಬರಹವನ್ನು ತಾವೇ ಆರಿಸಿ ಕಳಿಸಲಿ, ಒಟ್ಟಾಗಿ ಕಾಣಿಸಿಕೊಳ್ಳಲಿ ಎಂಬುದು ಅದರ ಆಶಯ. ಆಶಯ ಒಳ್ಳೆಯದೇ. ಆದರೆ ಬಂದದ್ದನ್ನೆಲ್ಲ ಹಾಕಿಕೊಳ್ಳುವ ಉದಾರತನದಿಂದ ಪಟ್ಟಿ ಉದ್ದವಾಯಿತು. ರಾಜಕೀಯದ ಪಕ್ಕ ಬೆಕ್ಕಿನ ಕಥೆ ಎಂಬಂಥ ಪಟ್ಟಿಯನ್ನು ಪೂರ್ತಿ ಓದುವ ಓದುಗ ಯಾರು ಎಂಬುದನ್ನು ಯಾರೂ ಯೋಚಿಸಿರಲಿಲ್ಲ. ಆ ಕೊರತೆಯನ್ನು ಮೊದಲು ತುಂಬಿದ್ದು ವಿಷಯಕ್ಕೊಂದರಂತೆ ಹುಟ್ಟಿದ ಕಾರ್ನಿವಲ್‌ಗಳು. 2004ರಲ್ಲಿ ವಿಜ್ಞಾನಕ್ಕೆ ‘ಟ್ಯಾಂಗಲ್ಡ್ ಬ್ಯಾಂಕ್’ (ಹೆಸರು ಡಾರ್ವಿನ್ನನ ‘ಆರಿಜಿನ್ ಆಫ್ ಸ್ಪೀಶೀಸ್’ನ ಕೊನೆಯ ಪರಿಚ್ಛೇದದಿಂದ ಬಂದದ್ದು), ಅದೇ ವರ್ಷ ವೈದ್ಯರಿಗೆ ‘ಗ್ರ್ಯಾಂಡ್ ರೌಂಡ್ಸ್’, 2005ರಲ್ಲಿ ‘ಹಿಸ್ಟರಿ ಕಾರ್ನಿವಲ್’, 2007ರಲ್ಲಿ ‘ಕಾರ್ನಿವಲ್ ಆಫ್ ಮ್ಯಾಥಮ್ಯಾಟಿಕ್ಸ್’.

ಈ ಪದ್ಧತಿ ತನ್ನ ಪೂರ್ಣ ಶಕ್ತಿಯನ್ನು ತೋರಿದ್ದು ಮಾತ್ರ ಅಡುಗೆ ಬ್ಲಾಗುಗಳಲ್ಲಿ, ಅದರಲ್ಲೂ ಭಾರತೀಯ ಅಡುಗೆಯ ಬ್ಲಾಗುಗಳಲ್ಲಿ. 2004ರಲ್ಲಿ ‘ಈಸ್ ಮೈ ಬ್ಲಾಗ್ ಬರ್ನಿಂಗ್’ ಎಂಬ ಇವೆಂಟು ಸೂಪಿನಿಂದ ಆರಂಭವಾಯಿತು. ಅದೇ ವರ್ಷ ಸಿಹಿತಿಂಡಿಗಳಿಗೆ ‘ಶುಗರ್ ಹೈ ಫ್ರೈಡೇ’ ಬಂತು. ಈ ಜಾಡಿನಲ್ಲೇ 2006ರಲ್ಲಿ ‘ಮಹಾನಂದಿ’ ಬ್ಲಾಗು ‘ಜಿಹ್ವಾ ಫಾರ್ ಇಂಗ್ರೀಡಿಯೆಂಟ್ಸ್’ ಹುಟ್ಟುಹಾಕಿತು. ತಿಂಗಳಿಗೊಂದು ಪದಾರ್ಥ: ಮಾವು, ತೆಂಗಿನಕಾಯಿ, ಬದನೆಕಾಯಿ, ಹೀಗೆ. ನಿಯಮ ಸರಳ. ಆ ಪದಾರ್ಥದಿಂದ ಏನಾದರೂ ಮಾಡಿ, ಫೋಟೋ ತೆಗೆದು, ಬರೆದು, ಆತಿಥೇಯರ ಪ್ರಕಟಣೆಗೆ ಕೊಂಡಿ ಕೊಟ್ಟು, ಗಡುವಿನೊಳಗೆ ಅವರಿಗೆ ಮಿಂಚಂಚೆ ಕಳಿಸಬೇಕು. ‘ಒನ್ ಹಾಟ್ ಸ್ಟೋವ್’ ಬ್ಲಾಗು ಭಾರತದ ತರಕಾರಿಗಳನ್ನು ಇಂಗ್ಲಿಷ್ ವರ್ಣಮಾಲೆಯ ಒಂದೊಂದೇ ಅಕ್ಷರಕ್ಕೆ ಹಂಚಿ ದೀರ್ಘ ಸರಣಿಯನ್ನೇ ನಡೆಸಿತು. ಪ್ರಾಂತ್ಯಕ್ಕೊಂದರಂತೆ ಅಡುಗೆ ಕಲೆಹಾಕಿದ ‘ರೀಜನಲ್ ಕ್ವಿಸೀನ್ಸ್ ಆಫ್ ಇಂಡಿಯಾ’ದಲ್ಲಿ ಕರ್ನಾಟಕಕ್ಕೂ ಉಡುಪಿ-ಮಂಗಳೂರಿಗೂ ಸರದಿ ಬಂದಿತ್ತು.

ಆ ಬ್ಲಾಗಿಗರಲ್ಲಿ ಬಹಳಷ್ಟು ಹೆಂಗಸರು. ಅನೇಕರು ಊರು ಬಿಟ್ಟು ಹೊರದೇಶಗಳಲ್ಲಿ ಸಂಸಾರ ಹೂಡಿದವರು. ಅವರಲ್ಲಿ ಕನ್ನಡಿಗರೂ ಇದ್ದರು. ಬರೆದದ್ದು ಇಂಗ್ಲಿಷಿನಲ್ಲಾದರೂ ಮಜ್ಜಿಗೆಹುಳಿ ಮಜ್ಜಿಗೆಹುಳಿಯಾಗಿಯೇ, ಪತ್ರೊಡೆ ಪತ್ರೊಡೆಯಾಗಿಯೇ ಇರುತ್ತಿದ್ದವು. ಹೀಗೆ ಬಂದದ್ದನ್ನೆಲ್ಲ ಆತಿಥೇಯರು ಜೋಡಿಸುತ್ತಿದ್ದ ರೀತಿಯನ್ನು ಗಮನಿಸಬೇಕು. ಒಳ್ಳೆಯ ರೌಂಡಪ್ಪಿನಲ್ಲಿ ಕಾಯಿ ಹುರಿದು ರುಬ್ಬಿದ್ದು ಒಂದು ಕಡೆ, ಹಸಿಯಾಗಿ ರುಬ್ಬಿದ್ದು ಇನ್ನೊಂದು ಕಡೆ, ಹಾಲು ಹಿಂಡಿ ಬಳಸಿದ್ದು ಮತ್ತೊಂದು ಕಡೆ. ಪ್ರತಿ ಕೊಂಡಿಗೂ ಎರಡು ಮೂರು ವಾಕ್ಯ: ಈ ಮನೆಯಲ್ಲಿ ಸಾಸಿವೆ ಅರೆದು ಹಾಕುತ್ತಾರೆ, ಆ ಮನೆಯಲ್ಲಿ ಧನಿಯಾ, ಇದು ಶ್ರಾದ್ಧದ ಅಡುಗೆ, ಅದು ಬಾಣಂತಿಗೆ ಕೊಡುವುದು. ಒಂದೊಂದೇ ಬ್ಲಾಗನ್ನು ಓದುವವರಿಗೆ ಎಂದೂ ಸಿಗದ ಹೋಲಿಕೆ ಇದು. ಒಂದು ಪದಾರ್ಥ ಕೇರಳದಿಂದ ಬಂಗಾಳದವರೆಗೆ ಹೇಗೆ ವೇಷ ಬದಲಿಸುತ್ತದೆ ಎಂಬುದನ್ನು ಒಂದೇ ಪುಟದಲ್ಲಿ ಕಾಣಿಸಿದ ಕೆಲವು ರೌಂಡಪ್ಪುಗಳನ್ನು ನಾನು ಅಚ್ಚಿನ ಅಡುಗೆ ಪುಸ್ತಕಗಳಿಗಿಂತ ಮೇಲೆ ಇಡುತ್ತೇನೆ. ಪುಸ್ತಕದಲ್ಲಿ ಸಾಮಾನ್ಯವಾಗಿ ಒಂದೇ ಪಾಠ. ಇಲ್ಲಿ ಪಾಠಾಂತರಗಳೆಲ್ಲ ಒಟ್ಟಿಗೆ ಇದ್ದವು, ಯಾವುದು ಸರಿ ಎಂಬ ತೀರ್ಪಿಲ್ಲದೆ.

ಹೀಗಾಗಿ ಅಲ್ಲಿಗೆ ಅಡುಗೆ ಬ್ಲಾಗಿಗರಲ್ಲದವರೂ ಬಂದರು. ಬದನೆಕಾಯಿ ಇಟ್ಟುಕೊಂಡು ಏನು ಮಾಡಲಿ ಎಂದು ಹುಡುಕಿ ಬಂದವರಿಗೆ ಆ ಪುಟ ಉಪಯೋಗಕ್ಕೆ ಬಿತ್ತು, ಅಲ್ಲಿಂದ ಅವರು ಹಲವು ಮನೆಗಳಿಗೆ ಹೋದರು. ಓದುಗರು ಹೆಚ್ಚಿದರು ಎಂದು ನಾನು ಹೇಳುವುದು ಇವರನ್ನು ನೆನೆದು.

ಲಾಭದ ಹಂಚಿಕೆ ಮಾತ್ರ ಸಮವಾಗಿರಲಿಲ್ಲ. ನಲವತ್ತು ಜನ ಭಾಗವಹಿಸಿದರು ಎಂದುಕೊಳ್ಳಿ. ಆತಿಥೇಯರ ಪ್ರಕಟಣೆಗೆ ನಲವತ್ತು ಕೊಂಡಿ. ಭಾಗವಹಿಸಿದ ಒಬ್ಬೊಬ್ಬರಿಗೂ ಆತಿಥೇಯರಿಂದ ಒಂದೇ ಕೊಂಡಿ, ಅದೂ ನಲವತ್ತರಲ್ಲಿ ಒಂದು. ಹೊರಗಿನಿಂದ ಬರುವ ಕೊಂಡಿಗಳನ್ನು ತೂಗಿ ಪುಟಗಳ ಯೋಗ್ಯತೆ ಅಳೆಯುವುದು 1998ರಿಂದ ಗೂಗಲ್ಲಿನ ಹುಡುಕಾಟದ ಅಡಿಪಾಯ. ಹಾಗಾಗಿ ಆತಿಥ್ಯ ವಹಿಸುವುದು ಹುಡುಕಾಟದಲ್ಲಿ ಮೇಲೇರುವ ದಾರಿಯೂ ಆಯಿತು. ನಲವತ್ತು ಬರಹ ಓದಿ ಟಿಪ್ಪಣಿ ಬರೆದವರಿಗೆ ಆ ಫಲ ದಕ್ಕಿದರೆ ನನ್ನ ತಕರಾರಿಲ್ಲ, ಅದು ದುಡಿಮೆಗೆ ಸಂದ ಕೂಲಿ. ದುಡಿಮೆಯನ್ನು ಬಿಟ್ಟು ಕೂಲಿಯನ್ನಷ್ಟೇ ಪಡೆಯುವ ದಾರಿ ತೆರೆದಾಗ ಕೆಡುಕು ಶುರುವಾಯಿತು.

ಆ ದಾರಿ ತೆರೆದದ್ದು ಸಲಕರಣೆಗಳು. ‘ಮಿಸ್ಟರ್ ಲಿಂಕಿ’, ‘ಇನ್‌ಲಿಂಕ್ಜ್’ ಮುಂತಾದವು ಆತಿಥೇಯರ ಪುಟದಲ್ಲಿ ಒಂದು ಪೆಟ್ಟಿಗೆ ಕೂರಿಸುತ್ತವೆ. ಬಂದವರು ತಮ್ಮ ಕೊಂಡಿಯನ್ನು ತಾವೇ ಅಂಟಿಸಿ ಹೋಗಬಹುದು. ಪುಟ್ಟ ಚಿತ್ರಗಳು ಸಾಲುಸಾಲಾಗಿ ತಾವಾಗಿ ಮೂಡುತ್ತವೆ. ಆತಿಥೇಯರು ಒಂದು ಬರಹವನ್ನೂ ತೆರೆಯಬೇಕಾಗಿಲ್ಲ. ಲಿಂಕ್ ಪಾರ್ಟಿ ಎಂಬ ಹೆಸರು ಬಿದ್ದದ್ದು ಇದಕ್ಕೆ. ಓದುವ ಕೆಲಸ ಹೋದ ಜಾಗದಲ್ಲಿ ನಿಯಮಗಳು ಬಂದವು: ಆತಿಥೇಯರನ್ನು ಫಾಲೋ ಮಾಡಬೇಕು, ಪಾರ್ಟಿಯ ಲಾಂಛನವನ್ನು ನಿಮ್ಮ ಪುಟದಲ್ಲಿ ಹಾಕಿಕೊಳ್ಳಬೇಕು, ನಿಮಗಿಂತ ಮುಂಚೆ ಅಂಟಿಸಿದ ಇಬ್ಬರ ಬ್ಲಾಗಿಗೆ ಹೋಗಿ ಪ್ರತಿಕ್ರಿಯೆ ಬರೆಯಬೇಕು. ನಮ್ಮ ಮದುವೆಮನೆಗಳಲ್ಲಿ ಮುಯ್ಯಿ ಬರೆದಿಡುವ ಪುಸ್ತಕ ಇರುತ್ತದೆಯಲ್ಲ, ಯಾರು ಎಷ್ಟು ಹಾಕಿದರು ಎಂದು ನೋಡಿಕೊಂಡು ಅವರ ಮನೆಯ ಮದುವೆಯಲ್ಲಿ ತೀರಿಸಲು. ಲಿಂಕ್ ಪಾರ್ಟಿ ಓದನ್ನು ಆ ಪುಸ್ತಕದ ಬಾಬತ್ತಾಗಿ ಮಾಡಿತು. ಮುಯ್ಯಿ ಹಾಕುವವರು ಊಟದ ರುಚಿ ನೋಡಿ ಹಾಕುವುದಿಲ್ಲ. ಹಾಗೆಯೇ ಋಣ ತೀರಿಸಲು ಬಂದವರು ಮೊದಲ ಫೋಟೋ ನೋಡಿ ‘ತುಂಬ ಚೆನ್ನಾಗಿದೆ’ ಎಂದು ಬರೆದು ಹೊರಟುಬಿಡುತ್ತಾರೆ. ಬರೆದವರಿಗೆ ಅಂಕಿ ಏರಿದ್ದು ಕಾಣುತ್ತದೆ, ತನ್ನ ಬರಹ ಯಾರನ್ನೂ ಮುಟ್ಟಿಲ್ಲವೆಂಬುದು ಕಾಣುವುದಿಲ್ಲ.

ನನ್ನ ದೊಡ್ಡ ಆಕ್ಷೇಪ ಇದೇ. ಹೊಸಬರಿಗೆ ಬೇಕಾದದ್ದು ತಮ್ಮ ಬರಹ ಎಲ್ಲಿ ಹಿಡಿಯಿತು, ಎಲ್ಲಿ ಬಿಟ್ಟಿತು ಎಂಬ ತಿಳಿವು. ಋಣದ ಓದುಗ ಅದನ್ನು ಕೊಡಲಾರ, ಏಕೆಂದರೆ ಅವನು ಕೆಟ್ಟದ್ದಕ್ಕೂ ಬರುತ್ತಾನೆ. ವರ್ಷಗಟ್ಟಲೆ ಒಂದೇ ಬಳಗದ ಮೆಚ್ಚುಗೆಯಲ್ಲಿ ಬರೆದವರ ಬರವಣಿಗೆ ಮೊದಲ ತಿಂಗಳಲ್ಲಿ ಇದ್ದಲ್ಲೇ ಉಳಿದದ್ದನ್ನು ಕಂಡು ನನಗೆ ಸಂಕಟವಾಗಿದೆ. ಅವರಲ್ಲಿ ಪ್ರತಿಭೆ ಇದ್ದವರು ಕಡಿಮೆಯೇನಿರಲಿಲ್ಲ.

ಗೂಗಲ್ಲೂ ತನ್ನ ಪಾಡಿಗೆ ಕೊಂಡಿಗಳ ಈ ದುರ್ಬಳಕೆಯನ್ನು ಗಮನಿಸಿತು. ಪ್ರತಿಕ್ರಿಯೆಗಳಲ್ಲಿ ಕೊಂಡಿ ಸುರಿಯುವವರನ್ನು ತಡೆಯಲು 2005ರ ಜನವರಿಯಲ್ಲಿ, ಈ ಕೊಂಡಿಯನ್ನು ಲೆಕ್ಕಕ್ಕೆ ಹಿಡಿಯಬೇಡ ಎನ್ನುವ ‘ನೋಫಾಲೋ’ ಗುರುತು ಬಂತು. 2012ರ ಏಪ್ರಿಲಿನಲ್ಲಿ ‘ಪೆಂಗ್ವಿನ್’ ಎಂಬ ಬದಲಾವಣೆ ಕೃತಕ ಕೊಂಡಿಗಳಿಂದ ಮೇಲೇರಿದ ಪುಟಗಳನ್ನು ಕೆಳಗಿಳಿಸಿತು. ನೀನು ನನಗೆ ಕೊಡು, ನಾನು ನಿನಗೆ ಕೊಡುತ್ತೇನೆ ಎಂಬ ವಿನಿಮಯ ಅತಿಯಾದರೆ ಅದು ವಂಚನೆಯೆಂದೇ ಅದರ ನಿಯಮ. ಆದರೆ ಗೂಗಲ್ಲಿನ ಭಯದಿಂದ ಈ ಪದ್ಧತಿಯನ್ನು ಅಳೆಯುವುದು ನನಗೆ ಒಪ್ಪಿಗೆಯಿಲ್ಲ. ಕೊಂಡಿಗೆ ದಂಡ ಬೀಳದಿದ್ದರೂ ಓದದೆ ಕೊಟ್ಟ ಕೊಂಡಿ ಓದುಗನಿಗೆ ಮಾಡಿದ ಮೋಸವೇ.

ವಿನಿಮಯದ ಸೋಂಕೇ ಇಲ್ಲದ ಸಂಕಲನ ಹೇಗಿರುತ್ತದೆ ಎಂದು ನೋಡಲು ‘ಆರ್ಟ್ಸ್ ಅಂಡ್ ಲೆಟರ್ಸ್ ಡೈಲಿ’ ಇದೆ. ನ್ಯೂಜಿಲೆಂಡಿನಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ ಡೆನಿಸ್ ಡಟನ್ 1998ರಲ್ಲಿ ಆರಂಭಿಸಿದ್ದು. ಮೂರು ಕಾಲಂ, ಒಂದೊಂದು ಲೇಖನಕ್ಕೂ ಬಿಗಿಯಾದ ಕೆಲವೇ ವಾಕ್ಯ, ಕೊನೆಗೆ ಕೊಂಡಿ. ಯಾರಿಂದಲೂ ಪ್ರತಿಕೊಂಡಿಯ ನಿರೀಕ್ಷೆಯಿಲ್ಲ. ಆ ಕೆಲವು ವಾಕ್ಯಗಳಿಗಾಗಿಯೇ ಜನ ದಿನವೂ ಬಂದರು. ನಮಗೂ ಇದು ಹೊಸತಲ್ಲ: ಹುಬ್ಬಳ್ಳಿಯ ಲೋಕಶಿಕ್ಷಣ ಟ್ರಸ್ಟ್ 1956ರಲ್ಲಿ ಹೊರತಂದ ‘ಕಸ್ತೂರಿ’ ಮಾಸಪತ್ರಿಕೆ ಎಲ್ಲೆಲ್ಲಿಂದಲೋ ಆಯ್ದ ಓದನ್ನು ಕನ್ನಡದ ಮನೆಮನೆಗೆ ತಲುಪಿಸಿತು. ಪಾ.ವೆಂ. ಆಚಾರ್ಯರಂಥ ಸಂಪಾದಕರು ಆರಿಸಿದ್ದಾರೆ ಎಂಬ ನಂಬಿಕೆಯಿಂದ ಓದುಗರು ಅದನ್ನು ಕಾಯುತ್ತಿದ್ದರು.

ನನ್ನ ಆಕ್ಷೇಪಕ್ಕೊಂದು ಪ್ರತಿವಾದವಿದೆ, ಅದನ್ನು ಹಗುರವಾಗಿ ತಳ್ಳಲಾಗದು. ಒಂಟಿಯಾಗಿ ಬರೆಯುವವರಿಗೆ ಬಳಗವೇ ದೊಡ್ಡ ಆಸರೆ. ಓದುಗರು ಬಾರದಿದ್ದರೂ ಜೊತೆಗಾರರು ಸಿಕ್ಕರಲ್ಲ ಎಂಬುದು. ನಿಜ. ಪರದೇಶದ ಅಡುಗೆಮನೆಯಲ್ಲಿ ನಿಂತು ಬರೆದವರಿಗೆ ಆ ಇವೆಂಟುಗಳು ಕೊಟ್ಟ ಒಡನಾಟವನ್ನು ನಾನು ಗೌರವಿಸುತ್ತೇನೆ. ಆದರೆ ಆ ಒಡನಾಟವೂ ಕಟ್ಟಿದ್ದು ಒಬ್ಬರನ್ನೊಬ್ಬರು ಓದಿದ ಕಾಲದಲ್ಲಿ. ಗಣಿತದ ಕಾರ್ನಿವಲ್ ಇಷ್ಟು ವರ್ಷ ಬಾಳಿದ್ದರ ಗುಟ್ಟೂ ಇಲ್ಲೇ ಇದೆ ಎಂದು ನನ್ನ ಎಣಿಕೆ. ಗಣಿತದ ಬರಹವನ್ನು ಪರಿಚಯಿಸಬೇಕಾದರೆ ಅದನ್ನು ಅರ್ಥಮಾಡಿಕೊಳ್ಳದೆ ವಿಧಿಯಿಲ್ಲ.

ಬ್ಲಾಗುಗಳ ಭರಾಟೆ ಇಳಿದ ಮೇಲೂ ಈ ಪ್ರಶ್ನೆ ತೀರಿಲ್ಲ. 2022ರಲ್ಲಿ ಮಿಂಚಂಚೆ ಪತ್ರಗಳ ವೇದಿಕೆಯಾದ ‘ಸಬ್‌ಸ್ಟ್ಯಾಕ್’ ತನ್ನ ಲೇಖಕರು ಒಬ್ಬರನ್ನೊಬ್ಬರು ಶಿಫಾರಸು ಮಾಡುವ ವ್ಯವಸ್ಥೆ ತಂದಿತು. ಒಬ್ಬರ ಪತ್ರಕ್ಕೆ ಚಂದಾದಾರರಾದ ಕೂಡಲೇ ಅವರು ಸೂಚಿಸಿದ ಇನ್ನಷ್ಟು ಪತ್ರಗಳು ತೆರೆಯ ಮೇಲೆ ಬರುತ್ತವೆ. ಚಂದಾದಾರರ ಸಂಖ್ಯೆ ಬೇಗ ಏರುತ್ತದೆ. ಹೀಗೆ ಸೇರಿದವರಲ್ಲಿ ಎಷ್ಟು ಮಂದಿ ಪತ್ರ ತೆರೆಯುತ್ತಾರೆ ಎಂಬುದು ಬೇರೆ ಲೆಕ್ಕ. ಇಲ್ಲಿಯೂ ಆಗಿರುವುದು ಹಿಂದಿನ ತಪ್ಪೇ, ಶಿಫಾರಸಿನಿಂದ ಓದನ್ನು ಬೇರ್ಪಡಿಸಿದ್ದು.

ಕನ್ನಡದಲ್ಲಿ ಬರೆಯುವವರಿಗೆ ಕೂಡುಸಂಕಲನ ಇಂಗ್ಲಿಷಿನವರಿಗಿಂತ ಹೆಚ್ಚು ಅಗತ್ಯ. ನಮ್ಮ ಓದುಗರಲ್ಲಿ ಹಲವರು ಕನ್ನಡದ ವಿಷಯವನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪು ಮಾಡಿ ಹುಡುಕುತ್ತಾರೆ. ಒಳ್ಳೆಯ ಬರಹ ವಾಟ್ಸ್ಯಾಪಿನಲ್ಲಿ ಲೇಖಕರ ಹೆಸರು ಕಳಚಿಕೊಂಡು ಓಡಾಡುತ್ತದೆ. ಹೆಸರು ಹೇಳಿ, ಕೊಂಡಿ ಕೊಟ್ಟು, ಇದನ್ನು ಯಾಕೆ ಓದಬೇಕು ಎಂದು ಬರೆಯುವ ತಿಂಗಳ ಪುಟವೊಂದು ಬಂದರೆ ನಾನು ಚಂದಾ ಕೊಟ್ಟು ಓದುತ್ತೇನೆ. ಅದರಲ್ಲಿ ಆತಿಥೇಯರಿಗೆ ಬೇಡವೆನ್ನುವ ಸ್ವಾತಂತ್ರ್ಯವಿರಬೇಕು, ಗೆಳೆಯರದ್ದಾದರೂ ಸರಿ. ಭಾಗವಹಿಸಿದವರ ಮೇಲೆ ಪ್ರತಿಕೊಂಡಿಯ ಹೊರೆ ಇರಬಾರದು. ಐವತ್ತು ಕೊಂಡಿಗಿಂತ ಎಂಟು ಸಾಕು, ಎಂಟಕ್ಕೂ ಒಂದೊಂದು ಪರಿಚ್ಛೇದ. ಒಂದು ಬರಹ ಎಲ್ಲಿ ಸೋತಿತು ಎಂಬುದನ್ನೂ ಅದರಲ್ಲಿ ಹೇಳುವಂತಿರಬೇಕು, ಹೇಳಿಸಿಕೊಂಡವರು ಮುಂದಿನ ತಿಂಗಳು ಮತ್ತೆ ಕಳಿಸುವಂತಿರಬೇಕು.